ಫ್ಯೂಜಿಫಿಲ್ಮ್ ರಿಯಲ್ 3ಡಿ ಡಬ್ಲ್ಯೂ3: ಎರಡು ಕಣ್ಣಿನ ಹಳೇ ಕ್ಯಾಮೆರಾ

2010ರಲ್ಲಿ ಬಂದ ಈ ಕ್ಯಾಮೆರಾ ಈಗ ಸೆಕೆಂಡ್ ಹ್ಯಾಂಡ್ ಮಾತ್ರ ಸಿಗುತ್ತದೆ. ಆದರೂ ಬೀದಿಯ ನೋಟಗಳನ್ನು ಸ್ಟೀರಿಯೋದಲ್ಲಿ, ಅಂದರೆ ಎಡಗಣ್ಣಿಗೊಂದು ಬಲಗಣ್ಣಿಗೊಂದು ಚಿತ್ರವಾಗಿ ಆಳ ಕಾಣುವಂತೆ ಹಿಡಿಯಲು ಇಷ್ಟು ಸಲೀಸಾದದ್ದು ಅಪರೂಪ. 10 ಮೆಗಾಪಿಕ್ಸೆಲ್‌ನ ಎರಡು ಸೆನ್ಸರ್‌ಗಳು ಒಟ್ಟಿಗೇ ಕ್ಲಿಕ್ ಆಗುವುದರಿಂದ ಓಡುವ ಆಟೋ, ಹಾರುವ ಪಾರಿವಾಳ ಕೂಡ ಸರಿಯಾಗಿ ಕೂರುತ್ತವೆ. ಹಿಂದಿನ 3.5 ಇಂಚಿನ ಪರದೆಯಲ್ಲಿ ಕನ್ನಡಕವಿಲ್ಲದೇ ಆಳ ಕಾಣುತ್ತದೆ.

ತೊಡಕಿರುವುದು ಲೆನ್ಸ್‌ಗಳ ನಡುವಿನ 75 ಮಿ.ಮೀ. ಅಂತರದಲ್ಲಿ. ಅದರ 30 ಪಟ್ಟು, ಅಂದರೆ ಸುಮಾರು 2.25 ಮೀಟರ್‌ಗಿಂತ ಹತ್ತಿರದ ವಸ್ತುವಿನ ಹಿಂದೆ ದೂರದ ಹಿನ್ನೆಲೆ ಇದ್ದರೆ ಚಿತ್ರ ಎರಡೆರಡಾಗಿ ಒಡೆದು ಕಣ್ಣು ನೋಯುತ್ತದೆ. ಮೇಜಿನ ಮೇಲಿನ ಇಡ್ಲಿ ತಟ್ಟೆಗೆ ಇದು ಬೇಡವೇ ಬೇಡ. 60 ಸೆಂ.ಮೀ. ದೂರದಿಂದ ಮೊಬೈಲ್‌ನಲ್ಲಿ ಒಂದು ಫೋಟೋ, ಓರೆಯಾಗದಂತೆ 2 ಸೆಂ.ಮೀ. ಬಲಕ್ಕೆ ಜರುಗಿಸಿ ಇನ್ನೊಂದು, ಅಷ್ಟು ಸಾಕು. (ಇಡ್ಲಿ ಹಬೆಯಾಡುತ್ತಿದ್ದರೆ ಜೋಡಿ ಹೊಂದುವುದಿಲ್ಲ, ಆರಲಿ.)

ಲೆನ್ಸ್‌ಗಳು ಅಂಚಿನಲ್ಲಿರುವುದರಿಂದ ಎಡಗೈ ಬೆರಳು ಅಡ್ಡ ಬರುತ್ತದೆ. ಒಂದು ಫೋಟೋ ಕೆಟ್ಟರೆ ಜೋಡಿಯೇ ಹೋಯಿತು. ಫೈಲು ಎರಡೂ ಚಿತ್ರಗಳನ್ನು ಒಟ್ಟಿಗೇ ಇಡುವ ಎಂಪಿಒ (MPO) ರೂಪದಲ್ಲಿರುತ್ತದೆ. ಸ್ಟೀರಿಯೋಫೋಟೋ ಮೇಕರ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು ಹೊಂದಿಸಬಹುದು. ಕೊಳ್ಳುವ ಮುನ್ನ ಇಟ್ಟಿಗೆ ಗೋಡೆಯೊಂದನ್ನು ಕ್ಲಿಕ್ಕಿಸಿ ನೋಡಿ: ಎಡ, ಬಲ ಚಿತ್ರಗಳಲ್ಲಿ ಸಾಲುಗಳು ಮೇಲೆ ಕೆಳಗಾಗಿದ್ದರೆ ಕ್ಯಾಮೆರಾ ಎಂದೋ ಬಿದ್ದಿರಬಹುದು.