ಮೋಟಾರ್ ನಡುಗ್ತಾ ಉಂಟಾ? ಗೇರ್ ಬದಲಾಯಿಸುವ ಮೊದಲು ಇದನ್ನು ಓದಿ

ದೋಣಿಗೆ ಔಟ್‌ಬೋರ್ಡ್ (ಹಿಂದೆ ಹೊರಗೆ ಸಿಕ್ಕಿಸುವ ಮೋಟಾರ್) ಇಟ್ಟುಕೊಂಡವರೆಲ್ಲ ಓದಿ, ಪರಿಚಯದವರಿಗೂ ಕಳಿಸಿ. ನೀರಿನಡಿ ಏನಾದ್ರೂ ಬಡಿದು ಮೋಟಾರ್ ನಡುಗ್ಲಿಕ್ಕೆ ಶುರುವಾದ್ರೆ, "ಗೇರ್ ಹೋಗಿದೆ" ಅಂತ ಬಾಯಲ್ಲಿ ಹೇಳುವವನಿಗೆ ದುಡ್ಡು ಕೊಡ್ಬೇಡಿ. ನಿಮ್ಮ ಕಣ್ಣೆದುರು ಫ್ಯಾನ್ (ನೀರಿನಡಿ ತಿರುಗಿ ದೋಣಿ ತಳ್ಳುವುದು) ಬಿಚ್ಚಿ, ಅದು ಕೂರುವ ಶಾಫ್ಟ್ ತಿರುಗಿಸಿ ತೋರಿಸುವವರೆಗೆ ಒಂದು ರೂಪಾಯಿ ಕೊಡ್ಬೇಡಿ. ನಾನು 27,500 ಕೊಟ್ಟು ಕೂತಿದ್ದೇನೆ. ಬರೀಲಿಕ್ಕೇ ನಾಚಿಕೆ ಆಗ್ತದೆ, ಮನೆಯಲ್ಲಿ ಇನ್ನೂ ಪೂರ್ತಿ ಮೊತ್ತ ಹೇಳಿಲ್ಲ.

ನಮ್ಮದು ಗಂಗೊಳ್ಳಿ ಕಡೆ ಫೈಬರ್ ದೋಣಿ, 9.9 ಎಚ್‌ಪಿ ಮೋಟಾರ್, ಕಂತಬಲೆ ಹಾಕಿ ಮೀನು ಹಿಡಿಯುವುದು. ಮಳೆಗಾಲ ಅಂದ್ರೆ ನಮ್ಮಂಥವರಿಗೆ ಏನು ಅಂತ ನಿಮಗೆ ಗೊತ್ತೇ ಉಂಟು, ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಅಂತ ದೊಡ್ಡ ಬೋಟೆಲ್ಲ ಬಂದರಲ್ಲೇ ಕಟ್ಟಿರ್ತದೆ, 10 ಎಚ್‌ಪಿ ಒಳಗಿನ ನಾಡದೋಣಿ ಮಾತ್ರ ಹೋಗ್ಬಹುದು, ನಾಲ್ಕು ಕಾಸು ಕಾಣುವುದೇ ಆಗ. ಪಂಚಗಂಗಾವಳಿಗೆ ಐದು ಹೊಳೆಯ ನೀರು ಬರ್ತದಲ್ಲ, ನೆರೆ ಬಂದ್ರೆ ಘಟ್ಟದ ಮರವೆಲ್ಲ ಅಳಿವೆಗೆ ಬಂದು ಅರ್ಧ ಮುಳುಗಿ ನಿಲ್ತದೆ, ಕೆಂಪು ನೀರಲ್ಲಿ ಎಂಥದ್ದೂ ಕಾಣುವುದಿಲ್ಲ. ಅಂಥದ್ದೊಂದು ದಿಮ್ಮಿಗೆ ಬಡಿದದ್ದು. ಮೋಟಾರ್ ಒಮ್ಮೆ ಮೇಲಕ್ಕೆ ಹಾರಿ ಕೂತಿತು, ಆಫ್ ಆಗ್ಲಿಲ್ಲ, ಆದ್ರೆ ಆಮೇಲೆ ರೇಸ್ ಕೊಟ್ಟ ಹಾಗೆಲ್ಲ ಮೋಟಾರ್ ಕೂರಿಸಿದ ಹಿಂದಿನ ಹಲಗೆ ಪೂರ್ತಿ ನಡುಗ್ಲಿಕ್ಕೆ ಶುರು. ನ್ಯೂಟ್ರಲ್‌ನಲ್ಲಿ ಏನೂ ಇಲ್ಲ, ಸಾಫ್ ಇತ್ತು. ಗೇರ್ ಹಾಕಿದ್ರೆ ಮಾತ್ರ ನಡುಕ.

ವರ್ಕ್‌ಶಾಪಿನವನಿಗೆ ನಾನು ಇದನ್ನೇ ಹೇಳಿದೆ. ಅವನು ಫ್ಯಾನ್ ಕೂಡ ಬಿಚ್ಚಿ ನೋಡ್ಲಿಲ್ಲ. "ಗೇರ್ ಹಾಕಿದ್ರೆ ನಡುಗ್ತದೆ ಅಂದ್ರೆ ಗೇರೇ ಅಲ್ವಾ ಮಾರಾಯ್ರೆ, ಇದಕ್ಕೆಂಥ ಇಂಜಿನಿಯರ್ ಬೇಕಾ?" ಅಂತ ನಗಾಡಿದ. ಕೇಳ್ಲಿಕ್ಕೆ ಸರಿಯೇ ಅನ್ನಿಸ್ತದಲ್ವಾ? ಸೀಸನ್ ಬೇರೆ, ಪಕ್ಕದ ದೋಣಿಯವರಿಗೆ ಸಿಗಡಿ ಬೀಳ್ತಾ ಉಂಟು, ಇವನಿಗೆ ನಮ್ಮ ಅರ್ಜೆಂಟ್ ಚೆನ್ನಾಗಿ ಗೊತ್ತು. "ಬೇಡಾದ್ರೆ ಬಿಡಿ, ಮಳೆಗಾಲ ಮುಗಿದ ಮೇಲೆ ಮಾಡುವ" ಅಂತ ಬೇರೆ ಹೇಳಿದ. ಎಂಥ ಮಾತು ನೋಡಿ.

ಮೋಟಾರ್ ಕೊಡುವಾಗ ಒಂದು ಪ್ಲಾಸ್ಟಿಕ್ ತೊಟ್ಟೆಯಿಂದ ಹಲ್ಲು ಮುರಿದ ಗೇರ್ ತೆಗೆದು ತೋರಿಸಿದ, "ನೋಡಿ ನಿಮ್ಮದು, ಇದರಲ್ಲಿ ನೀವು ಕಡಲಿಗೆ ಹೋಗ್ತಿದ್ರಿ, ದೇವರು ದೊಡ್ಡವನು" ಅಂದ. ಗೇರಿಗೆ ತುಕ್ಕು ಹಿಡಿದಿತ್ತು. ದಪ್ಪ ತುಕ್ಕು. ಎಣ್ಣೆಯಲ್ಲೇ ಮುಳುಗಿರುವ ಗೇರಿಗೆ ಮೊನ್ನೆ ಬಡಿದ ಪೆಟ್ಟಿಗೆ ಅಷ್ಟು ತುಕ್ಕು ಎಲ್ಲಿಂದ ಬರ್ಬೇಕು? ಈಗ ರಾತ್ರಿ ಮಲಗಿದಲ್ಲಿ ಅದೇ ನೆನಪಾಗ್ತದೆ. ಬಿಲ್ ಕೇಳಿದ್ರೆ ಬಿಳಿ ಚೀಟಿಯಲ್ಲಿ "ಗೇರ್ ಕೆಲಸ, ಸೀಲ್, ಆಯಿಲ್" ಅಂತ ಬರೆದು ಕೊಟ್ಟ, ಅಂಗಡಿಯ ಮೊಹರೂ ಇಲ್ಲ ಸಹಿಯೂ ಇಲ್ಲ.

ನೀರಿಗೆ ಇಳಿಸಿದ್ರೆ ಅದೇ ನಡುಕ, ಒಂದು ಚೂರೂ ಕಮ್ಮಿ ಇಲ್ಲ. ಫೋನ್ ಮಾಡಿದೆ. "ಹೊಸ ಗೇರ್ ಅಲ್ವಾ, ಸೆಟ್ ಆಗ್ಬೇಕು, ಸ್ವಲ್ಪ ಓಡಿಸಿ." ಓಡಿಸಿದೆ, ಜಾಸ್ತಿಯೇ ಆಯ್ತು. "ಹಾಗಾದ್ರೆ ಮೌಂಟ್ ರಬ್ಬರ್ ಹೋಗಿರ್ಬೇಕು, ಅದು ಬೇರೆ ಖರ್ಚು." ಆಮೇಲೆ "ನಿಮ್ಮ ಹಲಗೆ ಲೂಸ್ ಉಂಟು". ಇನ್ನೊಮ್ಮೆ ಕೇಳಿದ್ರೆ ನಾನೇ ಲೂಸ್ ಅಂತಿದ್ನೋ ಏನೋ.

ಕೊನೆಗೆ ಭಾವ ಹೇಳಿದ ಅಂತ ಬೇರೆ ಬಂದರಿನ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ರ ಹೊತ್ಕೊಂಡು ಹೋದೆ. ಅವರು ಮಾತೇ ಆಡ್ಲಿಲ್ಲ, ಮೋಟಾರ್ ಸ್ಟಾರ್ಟ್ ಆಗದ ಹಾಗೆ ಮೊದಲು ಪ್ಲಗ್ ವಯರ್ ಎಳೆದು ಬದಿಗಿಟ್ರು, ಫ್ಯಾನಿನ ಎಲೆಯ ತುದಿ ಹತ್ರ ಒಂದು ಕಡ್ಡಿ ಅಲ್ಲಾಡದ ಹಾಗೆ ಹಿಡಿದು ಕೈಯಲ್ಲಿ ಫ್ಯಾನ್ ತಿರುಗಿಸಿದ್ರು. ಎಲ್ಲ ಎಲೆಯೂ ಕಡ್ಡಿಯಿಂದ ಒಂದೇ ಅಂತರದಲ್ಲಿ ಹೋಗ್ಬೇಕಂತೆ, ನಮ್ಮದರಲ್ಲಿ ಒಂದು ಎಲೆ ಕಡ್ಡಿಗೆ ತಾಗ್ತದೆ, ಇನ್ನೊಂದು ದೂರ. ಆಮೇಲೆ ಫ್ಯಾನ್ ಬಿಚ್ಚಿ ಬರೀ ಶಾಫ್ಟ್ ತಿರುಗಿಸಿದ್ರು. ಶಾಫ್ಟಿನ ತುದಿ ಸೀದಾ ನಿಲ್ಲುವುದಿಲ್ಲ, ಸಣ್ಣಗೆ ಸುತ್ತು ಹಾಕ್ತಾ ಉಂಟು, ನನ್ನ ಕಣ್ಣಿಗೂ ಕಾಣ್ತದೆ. ಶಾಫ್ಟ್ ಬೆಂಡ್. ಚಾ ಕುಡಿದು ಮುಗಿಸುವಷ್ಟು ಹೊತ್ತೂ ಹಿಡೀಲಿಲ್ಲ.

ನಾನು "ಗೇರ್ ಹೊಸತು ಹಾಕಿದ್ದು" ಅಂದೆ. ಅವರು ತಲೆ ಎತ್ತಿ ನನ್ನನ್ನು ನೋಡಿದ್ರು, ಆಮೇಲೆ ಫ್ಯಾನಿನ ಹಿಂದೆ ಗೇರ್ ಮುಚ್ಚುವ ಕ್ಯಾಪಿನ ಬೋಲ್ಟ್ ಮೇಲೆ ಬೆರಳಿಟ್ರು. ಕಂಪನಿ ಪೇಂಟ್ ಹಾಗೇ ಉಂಟು, ಒಂದು ಸ್ಪ್ಯಾನರಿನ ಗೀರೂ ಇಲ್ಲ, ಸುತ್ತ ಉಪ್ಪು ಗಟ್ಟಿ ಕಟ್ಟಿಕೊಂಡಿದೆ. ಆ ಬೋಲ್ಟ್ ಬಿಚ್ಚದೆ ಗೇರ್ ಹೊರಗೆ ಬರುವುದೇ ಇಲ್ಲ! ಕೆಳಗಿನ ಸ್ಕ್ರೂ ಬಿಚ್ಚಿ ಎಣ್ಣೆ ಇಳಿಸಿದ್ರೆ ಕಪ್ಪು ಎಣ್ಣೆ, ಮಧ್ಯೆ ಮಧ್ಯೆ ಬೆಳ್ಳಗೆ. ಬೆಂಡ್ ಶಾಫ್ಟಲ್ಲೇ ಓಡಿಸಿ ಓಡಿಸಿ ನೀರು ತಡೆಯುವ ಸೀಲ್ ತಿಂದು ಒಳಗೆ ನೀರು ಹೋಗಿದೆ. "ಸ್ವಲ್ಪ ಓಡಿಸಿ, ಸೆಟ್ ಆಗ್ತದೆ" ಅಂದಿದ್ದನಲ್ಲ ಅವನು. ಕ್ಯಾಪ್ ತೆಗೆದು ನೋಡಿದ್ರು, ಗೇರಿನ ಹಲ್ಲೆಲ್ಲ ಸರಿ ಉಂಟು. "ಈ ಗೇರ್ ನಿನ್ನ ಮೋಟಾರಿನ ಜೊತೆಗೇ ಹುಟ್ಟಿದ್ದು ಮಗಾ" ಅಂದ್ರು. ಸುತ್ತ ನಾಲ್ಕು ಜನ ನಿಂತಿದ್ರು, ನಗ್ಲಿಲ್ಲ, ನಕ್ಕಿದ್ರೇ ವಾಸಿ ಇತ್ತು.

ಫೋಟೋ ತೆಗೆದು ಆ ವರ್ಕ್‌ಶಾಪಿನವನಿಗೆ ವಾಟ್ಸಾಪ್ ಮಾಡಿದೆ. ನೀಲಿ ಟಿಕ್ ಬಂತು, ಉತ್ತರ ಇಲ್ಲ. ಸಂಜೆ ವಾಯ್ಸ್ ಮೆಸೇಜ್, "ಸರ್ವಿಸ್ ಆದ ಮೇಲೆ ನಾವು ಪೇಂಟ್ ಹೊಡೆದೇ ಕೊಡುವುದು, ಅದಕ್ಕೆ ಹಾಗೆ ಕಾಣ್ತದೆ." ಹಾಗಾದ್ರೆ ಉಪ್ಪನ್ನೂ ನೀವೇ ಹಚ್ಚಿ ಕೊಡುವುದಾ ಅಂತ ಕೇಳಿದೆ. "ಬೇರೆಯವರ ಹತ್ರ ಬಿಚ್ಚಿಸಿದ ಮೇಲೆ ನನ್ನ ಜವಾಬ್ದಾರಿ ಇಲ್ಲ." ಸರಿ, ನನ್ನ ಹಳೆ ಗೇರ್ ವಾಪಸ್ ಕೊಡಿ, ಅದಾದ್ರೂ ಇರ್ಲಿ ಅಂದೆ. "ಗುಜರಿಯವ ತಗೊಂಡು ಹೋದ." ಎಲ್ಲಿಗೆ ಹೋಗ್ತದೆ ಸ್ವಾಮಿ ಅದು, ನಿಮ್ಮ ಆ ತೊಟ್ಟೆಯಲ್ಲೇ ಉಂಟು, ಇನ್ನೊಬ್ಬ ಬಂದ್ರೆ ಅವನಿಗೂ ಅದನ್ನೇ ತೋರಿಸ್ತೀರಿ! ಇದಕ್ಕೆ ಅವನು ಕೈ ಮುಗಿದ ಇಮೋಜಿ ಕಳಿಸಿದ. ಕೈ ಮುಗಿದದ್ದು!!

ಶಾಫ್ಟ್, ಸೀಲ್, ಫ್ಯಾನ್, ಎಣ್ಣೆ ಎಲ್ಲ ಸೇರಿ ಈಗ ಅವನಿಗೆ ಕೊಟ್ಟದ್ದರ ಅರ್ಧಕ್ಕೂ ಕಮ್ಮಿಯಲ್ಲಿ ಆಯ್ತು. ನಡುಕ ಪೂರ್ತಿ ನಿಂತಿದೆ. ಸೀಸನಿನ ಒಳ್ಳೆ ದಿನಗಳು ಹೋದದ್ದಕ್ಕೆ ಯಾರು ಲೆಕ್ಕ ಕೊಡ್ತಾರೆ.

ಹಾಗಾಗಿ ಹೇಳುವುದು, ನ್ಯೂಟ್ರಲ್‌ನಲ್ಲಿ ಸಾಫ್ ಇದ್ದು ಗೇರಲ್ಲಿ ನಡುಗಿದ್ರೆ ಮೊದಲು ಫ್ಯಾನ್, ಆಮೇಲೆ ಶಾಫ್ಟ್, ಗೇರ್ ಎಲ್ಲ ಕೊನೆಗೆ. ಪ್ಲಗ್ ವಯರ್ ಎಳೆದಿಟ್ಟು ಕಡ್ಡಿ ಹಿಡಿದು ನೀವೇ ನೋಡ್ಬಹುದು, ದುಡ್ಡು ಬೇಡ. ಗೇರಿನ ಎಣ್ಣೆ ಇಳಿಸಿ ಬಣ್ಣ ನೋಡಿ, ಬೆಳ್ಳಗಿದ್ರೆ ನೀರು ಹೋಗಿದೆ, ಓಡಿಸ್ಬೇಡಿ. ವರ್ಕ್‌ಶಾಪಿಗೆ ಕೊಡುವ ಮೊದಲು ಬೋಲ್ಟುಗಳ ಫೋಟೋ ತೆಗೆದಿಡಿ, ಬಿಚ್ಚುವಾಗ ಅಲ್ಲೇ ನಿಲ್ಲಿ, ಹಳೆ ಸಾಮಾನು ಕೈಗೆ ತಗೊಳ್ಳದೆ ದುಡ್ಡು ಎಣಿಸ್ಬೇಡಿ. ಅವನ ಹೆಸರು ಇಲ್ಲಿ ಹಾಕುವುದಿಲ್ಲ, ನಾಳೆ ಮಾನನಷ್ಟ ಅಂತ ಅದಕ್ಕೊಂದು ಬಿಲ್ ಕಳಿಸಿಯಾನು. ತುಕ್ಕು ಹಿಡಿದ ಗೇರ್ ತೊಟ್ಟೆಯಲ್ಲಿ ಹಾಕಿ ನಿಮಗೂ ಯಾರಾದ್ರೂ ತೋರಿಸಿದ್ದಿದ್ರೆ ಹೇಳಿ, ಒಟ್ಟಿಗೇ ಹೋಗಿ ಕೇಳುವ.