ಕಡಲ ಮೀನಿಗೆ ರೀಲಾ, ಕೈಗಾಳವಾ? ಮಡಿಕೇರಿಯವರಿಗೆ ಕೈಗಾಳವೇ ಸರಿ

ಮಲ್ಪೆಯಿಂದ ಸಣ್ಣ ದೋಣಿ ಮಾಡಿಕೊಂಡು ಸೇಂಟ್ ಮೇರೀಸ್ ದ್ವೀಪದ ಸುತ್ತ ಮೀನು ಹಿಡಿಯೋಕೆ ಹೊರಟರೆ ನಾನು ಕೈಗೆತ್ತಿಕೊಳ್ಳೋದು ಕೈಗಾಳವನ್ನೇ. ಒಂದು ಕಟ್ಟು ತಂಗೂಸಿ (ನೈಲಾನ್ ದಾರ), ಸೀಸದ ಗುಂಡು, ಗಾಳ. ಎಲ್ಲ ಸೇರಿ 300 ರೂಪಾಯಿ ದಾಟಲಿಲ್ಲ. ಅದಕ್ಕೂ ಮುಂಚೆ ಸುಮಾರು 2,000 ರೂಪಾಯಿ ಕೊಟ್ಟು ರಾಡು, ದಾರ ಸುತ್ತುವ ರೀಲು ಇರುವ ಸೆಟ್ ಕೊಂಡಿದ್ದೆ. ಹೊಳೆಗೂ ಆಗುತ್ತೆ, ಕಡಲಿಗೂ ಆಗುತ್ತೆ ಅಂತ ಅಂಗಡಿಯಲ್ಲಿ ಹೇಳಿದ್ದರು. ಕೆರೆ, ಹೊಳೆಗೆ ನಿಜಕ್ಕೂ ಚೆನ್ನಾಗಿದೆ. ಕಡಲಿನ ಕಥೆ ಬೇರೆ.

ರೀಲಿನ ಶತ್ರು ಉಪ್ಪು, ಇದು ಎಲ್ಲರಿಗೂ ಗೊತ್ತು. ಆದರೆ ಉಪ್ಪಿನ ಜೊತೆ ಕೊಡಗಿನ ಮಳೆ ಸೇರಿದರೆ ಏನಾಗುತ್ತೆ ಅಂತ ಯಾರೂ ಹೇಳೋದಿಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ನಿಷೇಧ ಮುಗಿದರೂ ಕಡಲಿನ ಅಬ್ಬರ ಬೇಗ ಇಳಿಯೋದಿಲ್ಲ, ದ್ವೀಪದ ಕಡೆ ಹೋಗೋ ಮಾತೇ ಇಲ್ಲ. ಅಂದರೆ ಬೇಸಿಗೆಯಲ್ಲಿ ಉಪ್ಪುನೀರು ಕುಡಿದ ರೀಲು ನಮ್ಮಲ್ಲಿ ಸುಮ್ನೆ ಕೂರೋದು ಮಳೆ ಜೋರಾಗಿ ಹೊಡೆಯೋ ತಿಂಗಳುಗಳಲ್ಲೇ. ಆ ಹೊತ್ತಲ್ಲಿ ಮನೆಯೊಳಗೆ ಬಟ್ಟೆಯೇ ಒಣಗೋದಿಲ್ಲ, ಅಡುಗೆಮನೆಯ ಉಪ್ಪಿನ ಡಬ್ಬಿ ನೀರು ಬಿಡುತ್ತೆ. ರೀಲಿನ ಸಂದಿಯಲ್ಲಿ ಉಳಿದ ಉಪ್ಪೂ ಹಾಗೇ ಗಾಳಿಯ ತೇವ ಎಳೆದುಕೊಂಡು ಒದ್ದೆಯಾಗೇ ಇರುತ್ತೆ. ಅಲ್ಯೂಮಿನಿಯಂಗೆ ಸ್ಟೀಲ್ ತಾಗಿರುವ ಕಡೆ ಆ ಉಪ್ಪುನೀರು ನಿಂತರೆ ಅಲ್ಯೂಮಿನಿಯಂ ಕರಗ್ತಾ ಹೋಗುತ್ತೆ.

ಮಳೆ ಬಿಟ್ಟ ಮೇಲೆ ಚೀಲ ಬಿಚ್ಚಿದಾಗ ರೀಲಿನ ಹಿಡಿ ತಿರುಗಲಿಲ್ಲ. ದಾರ ಹಾದುಹೋಗುವ ಪುಟ್ಟ ರೋಲರ್ ಹಿಡಿದುಕೊಂಡಿತ್ತು. ತಿರುಪಿನ ಬುಡದಲ್ಲಿ ಬಿಳಿ ಪುಡಿ, ಅದರ ಸುತ್ತ ಬಣ್ಣ ಗುಳ್ಳೆ ಎದ್ದಿತ್ತು. ರಾಡಿನ ಕಾರ್ಕ್ ಹಿಡಿಗೆ ಬೂಷ್ಟು ಬೇರೆ. ಮಲ್ಪೆಯಿಂದ ಬಂದ ರಾತ್ರಿಯೇ ಸಿಹಿನೀರಲ್ಲಿ ತೊಳೆದಿಟ್ಟಿದ್ದೆ. ಅಷ್ಟು ಸಾಲೋದಿಲ್ಲ. ತೊಳೆಯುವಾಗ ಡ್ರ್ಯಾಗ್ ತಿರುಪು (ಮೀನು ಎಳೆದಾಗ ದಾರ ಎಷ್ಟು ಬಿಗಿಯಾಗಿ ಬಿಡಬೇಕು ಅಂತ ಹೊಂದಿಸೋದು) ಬಿಗಿ ಮಾಡಿ, ನೀರನ್ನು ಮೆಲ್ಲಗೆ ಬಿಡಬೇಕು. ರಭಸವಾಗಿ ಹಾಯಿಸಿದರೆ ಉಪ್ಪು ಇನ್ನೂ ಒಳಗೆ ಹೋಗುತ್ತೆ. ಆಮೇಲೆ ದಾರ ಸುತ್ತಿರೋ ಸ್ಪೂಲ್ ಬಿಚ್ಚಿ ಒರೆಸಿ, ಎಣ್ಣೆ ಬಿಟ್ಟು, ಡ್ರ್ಯಾಗ್ ಸಡಿಲ ಮಾಡಿ ಇಡಬೇಕು. ಸಂಪಾಜೆ ಘಾಟಿ ಹತ್ತಿ ಸುಸ್ತಾಗಿ ಮನೆ ಸೇರಿದ ಮೇಲೆ ಇಷ್ಟೆಲ್ಲ ಮಾಡೋದು ಕಷ್ಟ ಅಲ್ವಾ?

ಕೈಗಾಳಕ್ಕೆ ಇದೇನೂ ಬೇಡ. ಬಕೆಟ್‌ನಲ್ಲಿ ಅದ್ದಿ ತೆಗೆದು ನೇತುಹಾಕಿದರೆ ಮುಗಿಯಿತು. ತುಕ್ಕು ಹಿಡಿದ ಗಾಳ ಕತ್ತರಿಸಿ ಹೊಸದು ಕಟ್ಟಬಹುದು.

ಮೀನು ಹಿಡಿಯೋದರಲ್ಲೂ ಅದು ಹಿಂದೆ ಬಿದ್ದಿಲ್ಲ. ಆ ದ್ವೀಪದ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ, ಲಾವಾ ಆರಿ ಬಿರುಕು ಬಿಟ್ಟು ಆದವು. ಅಂಚು ಚೂಪು, ಸಂದಿ ಜಾಸ್ತಿ. ಮುರು ಮೀನು ಗಾಳ ಕಚ್ಚಿದ ಕೂಡಲೇ ಸಂದಿಗೆ ನುಗ್ಗುತ್ತೆ, ತಂಗೂಸಿ ಕಲ್ಲಿಗೆ ಉಜ್ಜಿ ಕಡಿಯುತ್ತೆ. ಕೈಯಲ್ಲೇ ದಾರ ಇದ್ದರೆ ಮೊದಲ ಕುಟುಕು ಬೆರಳಿಗೇ ಗೊತ್ತಾಗುತ್ತೆ, ತಕ್ಷಣ ಮೇಲಕ್ಕೆ ಎಳೀಬಹುದು. ತಂಗೂಸಿ 0.6 ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪದ್ದು ತಗೊಳ್ಳಿ. ಹೆಣೆದ ದಾರ ಬೇಡ, ಬೆರಳು ಸೀಳುತ್ತೆ. ದಾರವನ್ನು ಯಾವತ್ತೂ ಕೈಗೆ ಸುತ್ತಿಕೊಳ್ಳಬೇಡಿ. ಬೆರಳಿಗೆ ಹಳೇ ಸೈಕಲ್ ಟ್ಯೂಬಿನ ತುಂಡು ಹಾಕಿಕೊಂಡರೆ ಆರಾಮ.

ರೀಲು ಗೆಲ್ಲೋದು ಒಂದೇ ಕಡೆ, ದಡದಲ್ಲಿ ನಿಂತು ದೂರ ಎಸೆಯೋಕೆ.

ನೀರು ಒಳಗೆ ಹೋಗದ ಹಾಗೆ ಸೀಲ್ ಮಾಡಿದ ದುಬಾರಿ ರೀಲನ್ನೂ ವಿರಾಜಪೇಟೆಯ ಗೆಳೆಯರಿಂದ ಇಸಕೊಂಡು ನೋಡಿದೆ. ಬೆಣ್ಣೆಯಂತೆ ತಿರುಗುತ್ತೆ. ಉಡುಪಿ, ಮಂಗಳೂರಿನಲ್ಲಿದ್ದು ವಾರವಾರ ಕಡಲಿಗೆ ಹೋಗುವವರಿಗೆ ಅದರ ಬೆಲೆ ಹುಟ್ಟುತ್ತೆ. ಕಾಫಿ ಕೊಯ್ಲು ಮುಗಿಸಿ, ಮಳೆ ಶುರುವಾಗೋ ಮುಂಚೆ ಬಿಡುವು ಸಿಕ್ಕಾಗ ಮಾತ್ರ ಘಾಟಿ ಇಳಿಯುವ ನನಗೆ ಹುಟ್ಟೋದಿಲ್ಲ. ಆ ದುಡ್ಡಲ್ಲಿ ದೋಣಿ ಬಾಡಿಗೆ ಕೊಟ್ಟು ಇನ್ನೊಂದು ಸಲ ಹೋಗಿಬರ್ತೀನಿ. ನನ್ನ ಸೆಟ್ಟಿಗೆ ಹೊಸ ರೋಲರ್ ಹಾಕಿಸಿದ್ದೇನೆ, ಇನ್ನು ಅದು ಕೆರೆಗೆ ಮಾತ್ರ.