ಬೆನ್ನ ಮೇಲೆ ಜೋಡಿ ಹೆಸರು: ದುರ್ಗಿಗುಡಿಯಲ್ಲಿ ಮಾಡಿಸಿದ ಒಂಬತ್ತು ಜೆರ್ಸಿ

ಶಿವಮೊಗ್ಗದಲ್ಲಿ ಜೆರ್ಸಿ ಮೇಲೆ ಕನ್ನಡದಲ್ಲಿ ಹೆಸರು ಹಾಕಿಸಬೇಕು ಅಂತಿರುವವರಿಗೆ ಈ ಅಂಗಡಿಯ ಬಗ್ಗೆ ಹೇಳಲೇಬೇಕು. ದುರ್ಗಿಗುಡಿಯ ಅಡ್ಡರಸ್ತೆಯಲ್ಲಿ ಮೊದಲನೇ ಮಹಡಿ. ಕೆಳಗೆ ಟೈಲರ್, ಮೇಲೆ ಇವರು. ಬೋರ್ಡ್ ಸಣ್ಣದು, ಮೊದಲ ಸಲ ಹೋಗುವವರು ಒಂದೆರಡು ಸಲ ದಾಟಿ ಹೋಗುವುದು ಖಂಡಿತ. ನಾವು ಮಾಡಿಸಿದ್ದು ಒಂಬತ್ತು ಜೆರ್ಸಿ. ಬಟ್ಟೆ, ಹೆಸರು, ನಂಬರ್ ಎಲ್ಲಾ ಸೇರಿ ಒಂದಕ್ಕೆ 430 ರೂಪಾಯಿ ಬಿತ್ತು. ಕೆಲಸ ಚೆನ್ನಾಗಿದೆ. ಮಧ್ಯೆ ತೊಂದರೆಯೂ ಆಯಿತು, ಅದನ್ನೂ ಬರೆಯುತ್ತೇನೆ.

ನಮ್ಮ ಫುಟ್‌ಬಾಲ್ ಟೀಮಿನಲ್ಲಿ ತೀರ್ಥಹಳ್ಳಿ ಕಡೆಯವರು ನಾಲ್ವರು, ಭದ್ರಾವತಿಯವರು ಮೂವರು, ಇಲ್ಲೇ ವಿನೋಬನಗರದವರು ಇಬ್ಬರು. ಏಳು ಜನ ಆಡುವ ಆಟ, ಇಬ್ಬರು ಹೊರಗೆ. ಎಲ್ಲರಿಗೂ ಬೆಂಗಳೂರು ಎಫ್‌ಸಿ ಅಂದರೆ ಪ್ರಾಣ. ಜೆರ್ಸಿ ಮಾಡಿಸೋಣ ಅಂದ ಕೂಡಲೇ ಒಂಬತ್ತರಲ್ಲಿ ಆರು ಜನ ಕೇಳಿದ್ದು ಒಂದೇ, ‘ಛೆಟ್ರಿ 11’, ಕ್ಲಬ್ಬಿನ ಸ್ಟ್ರೈಕರ್ ಸುನಿಲ್ ಛೆಟ್ರಿಯ ಹೆಸರು ಮತ್ತು ನಂಬರ್. ಹಾಗೆ ಬೇಡ ಅಂತ ಹಟ ಹಿಡಿದವನು ನಾನು. ಫುಟ್‌ಬಾಲ್‌ನಲ್ಲಿ ಒಬ್ಬನೇ ಗೆದ್ದದ್ದು ಅಂತ ಇಲ್ಲ, ಪಕ್ಕದಲ್ಲಿ ಯಾರಿದ್ದರು ಅನ್ನುವುದೂ ಬೆನ್ನ ಮೇಲೆ ಕಾಣಬೇಕು. ಅದಕ್ಕೇ ಒಂದು ನಿಯಮ ಮಾಡಿಕೊಂಡೆವು. ಹೆಸರು ಜೋಡಿಯಾಗಿಯೇ ಬರಬೇಕು. ಮೈದಾನದಲ್ಲಿ ಯಾರ ಪಕ್ಕ ಯಾರು ಆಡುತ್ತಾರೋ ಅವರ ಬೆನ್ನಿಗೆ ಕ್ಲಬ್ಬಿನ ಒಂದು ಹಳೆಯ ಜೋಡಿ. ನಂಬರ್ ಮಾತ್ರ ಅವರವರ ಇಷ್ಟ.

ಕಂಪ್ಯೂಟರ್ ಮುಂದೆ ಕೂತ ಹುಡುಗ ಪಟ್ಟಿ ನೋಡಿ ಕೇಳಿದ, ‘ಅಣ್ಣ, ಛೆಟ್ರಿ ಗೊತ್ತು. ಈ ಒಸಾನೊ ಯಾರು?’ ಅವನು ಕ್ರಿಕೆಟ್ ಹುಡುಗ. ಆದರೂ ಬೇಸರವಿಲ್ಲದೆ ಎಲ್ಲ ಕೇಳಿಸಿಕೊಂಡ. ಅಂಗಡಿಯಲ್ಲಿ ನನಗೆ ಮೊದಲು ಇಷ್ಟವಾಗಿದ್ದೇ ಇದು.

ಒಸಾನೊ ಯಾರು ಅಂತ ಹೇಳಬೇಕಾದರೆ ಶುರುವಿಗೇ ಹೋಗಬೇಕು. ಕ್ಲಬ್ ಹುಟ್ಟಿದ್ದು 2013ರಲ್ಲಿ. ಆಡಿದ ಮೊದಲ ಐ-ಲೀಗನ್ನೇ, ಅಂದರೆ ದೇಶದ ಆಗಿನ ದೊಡ್ಡ ಲೀಗನ್ನೇ ಗೆದ್ದರು. 2014ರ ಏಪ್ರಿಲ್‌ನಲ್ಲಿ ಗೋವಾಕ್ಕೆ ಹೋಗಿ ಡೆಂಪೊವನ್ನು 4–2ರಲ್ಲಿ ಸೋಲಿಸಿ ಕಪ್ ಖಚಿತ ಮಾಡಿಕೊಂಡರು. ಛೆಟ್ರಿ ಆ ಸೀಸನ್ನಿನಲ್ಲಿ 14 ಗೋಲು ಹೊಡೆದಿದ್ದು ಎಲ್ಲರಿಗೂ ನೆನಪಿದೆ. ಹಿಂದೆ ಕಾವಲಿಗೆ ನಿಂತಿದ್ದ ಇಂಗ್ಲೆಂಡಿನ ಜಾನ್ ಜಾನ್ಸನ್, ಕೀನ್ಯಾದ ಕರ್ಟಿಸ್ ಒಸಾನೊ ಎಷ್ಟು ಜನಕ್ಕೆ ನೆನಪಿದ್ದಾರೆ? ಜಾನ್ಸನ್ ಮುಂದೆ ನುಗ್ಗಿ ಚೆಂಡಿಗೆ ಬಿದ್ದರೆ, ಒಸಾನೊ ಒಂದು ಮಾತಿಲ್ಲದೆ ಹಿಂದಿನ ಜಾಗ ಮುಚ್ಚುತ್ತಿದ್ದ. 2015–16ರ ಲೀಗ್ ಕೂಡ ಬಂತು. ಆಮೇಲೆ ಒಸಾನೊ ಹೋದ, ಸ್ಪೇನಿನ ಜುವಾನನ್ ಬಂದ, ಜಾನ್ಸನ್ ಅವನ ಜೊತೆಗೂ ಅಷ್ಟೇ ಚೆನ್ನಾಗಿ ಆಡಿದ. ನಮ್ಮ ಭದ್ರಾವತಿ ಗೆಳೆಯನಿಗೆ ಜುವಾನನ್ ಹೆಸರೇ ಬೇಕಿತ್ತು. ಅರ್ಧ ಗಂಟೆ ವಾದ ನಡೆಯಿತು. ಕೊನೆಗೆ ಬುಡ ಹಾಕಿದವರಿಗೇ ಮೊದಲ ಮರ್ಯಾದೆ ಅಂತ ಒಪ್ಪಿಸಿದೆ.

ಈಗ ಪ್ರಿಂಟಿನ ಕಷ್ಟಕ್ಕೆ ಬರುತ್ತೇನೆ. ವಾಟ್ಸಾಪ್‌ನಲ್ಲಿ ಕಳಿಸಿದ ಹೆಸರನ್ನು ಅವರ ಡಿಸೈನ್ ಸಾಫ್ಟ್‌ವೇರಿಗೆ ಹಾಕಿದರೆ ಒತ್ತಕ್ಷರವೆಲ್ಲ ಬಿಚ್ಚಿಹೋಯಿತು. ‘ಛೆಟ್ರಿ’ಯ ರಕಾರ ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಂತಿತ್ತು. ‘ಪಾರ್ತಾಲು’ವಿನ ಅರ್ಕಾವೊತ್ತು ಎಲ್ಲೋ ಮಾಯ. ಯೂನಿಕೋಡ್ ಅಕ್ಷರ ಹಳೆಯ ಸಾಫ್ಟ್‌ವೇರಿನಲ್ಲಿ ಹೀಗೆ ಒಡೆಯುತ್ತದೆ. ಹುಡುಗ ಎಲ್ಲವನ್ನೂ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಹೊಸದಾಗಿ ಟೈಪ್ ಮಾಡಿದ. ಒಂದೊಂದು ಹೆಸರನ್ನೂ ನನ್ನ ಹತ್ತಿರ ಎರಡು ಸಲ ಓದಿಸಿ, ಪ್ರೂಫ್ ಹಾಳೆಗೆ ಸಹಿ ಮಾಡಿಸಿಕೊಂಡ. ಇದು ಒಳ್ಳೆ ಪದ್ಧತಿ. ಇಂಗ್ಲಿಷಿನಲ್ಲೇ ಹಾಕಿಬಿಡೋಣ ಅಂತ ಅವನು ಒಂದು ಸಲವೂ ಹೇಳಲಿಲ್ಲ. ಬೇರೆ ಎರಡು ಕಡೆ ಅದೇ ಮಾತು ಕೇಳಿ ವಾಪಸ್ ಬಂದವರು ನಾವು.

ಮೊದಲು ವಿನೈಲ್ ಅನ್ನುವ ಪ್ಲಾಸ್ಟಿಕ್ ಹಾಳೆಯಲ್ಲಿ ‘ಲಿಂಗ್ಡೊ’ ಕತ್ತರಿಸಿ ತೋರಿಸಿದರು. ಕೆಳಗಿನ ಡಕಾರದ ಒತ್ತಿನ ಬಾಲ ದಾರದಷ್ಟು ತೆಳ್ಳಗೆ. ಸೂಜಿಯಲ್ಲಿ ಸುತ್ತಲಿನ ಹಾಳೆ ಬಿಡಿಸುವಾಗ ಬಾಲವೂ ಅದರ ಜೊತೆಗೇ ಎದ್ದು ಬಂತು. ಎರಡನೇ ಸಲವೂ ಹಾಗೇ. ಆಗ ಡಿಟಿಎಫ್ (ಡೈರೆಕ್ಟ್ ಟು ಫಿಲ್ಮ್) ಮಾಡೋಣ ಅಂದರು. ಅದರಲ್ಲಿ ಕತ್ತರಿಸುವ ಕೆಲಸವೇ ಇಲ್ಲ. ಫಿಲ್ಮ್ ಮೇಲೆ ಅಕ್ಷರ ತಿರುಗುಮುರುಗಾಗಿ ಪ್ರಿಂಟ್ ಆಗಿ ಬರುತ್ತದೆ, ಬಣ್ಣ ಹಸಿ ಇರುವಾಗಲೇ ಅದರ ಮೇಲೆ ಅಂಟಿನ ಪುಡಿ ಉದುರಿಸುತ್ತಾರೆ. ಬಿಸಿ ಮಾಡಿದಾಗ ಆ ಬಿಳಿ ಪುಡಿ ಕರಗಿ ಬೆಲ್ಲದ ಪಾಕದ ಥರ ಹೊಳೆಯುತ್ತದೆ. ಆಮೇಲೆ ಜೆರ್ಸಿ ಮೇಲಿಟ್ಟು ಹೀಟ್ ಪ್ರೆಸ್ ಒತ್ತಿ, ಆರುವವರೆಗೆ ಕಾದು, ಮೂಲೆಯಿಂದ ನಿಧಾನವಾಗಿ ಫಿಲ್ಮ್ ಎಳೆಯುತ್ತಾರೆ. ಮೊದಲು ಹೊರಬಂದದ್ದು ‘ಲಿಂಗ್ಡೊ’. ಒತ್ತಿನ ಬಾಲ ಪೂರ್ತಿ ಇತ್ತು. ನಮ್ಮಲ್ಲೊಬ್ಬ ಚಪ್ಪಾಳೆ ಹೊಡೆದ.

ಲಿಂಗ್ಡೊ–ಛೆಟ್ರಿ ಜೋಡಿ ನನ್ನದೇ ಆಯ್ಕೆ. ಅದಕ್ಕೆ ಕಾರಣ 2016ರ ಅಕ್ಟೋಬರ್ 19. ಕಂಠೀರವದಲ್ಲಿ ಏಷ್ಯಾದ ಕ್ಲಬ್‌ಗಳು ಆಡುವ ಎಎಫ್‌ಸಿ ಕಪ್‌ನ ಸೆಮಿಫೈನಲ್, ಎದುರಿಗೆ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೋರ್. ಸೆಮಿಫೈನಲ್ ಎರಡು ಪಂದ್ಯದ್ದು, ಮೊದಲನೆಯದು ಅಲ್ಲಿ ಹೋಗಿ ಆಡಿದ್ದು 1–1 ಆಗಿತ್ತು. ನಾವು ಮೂರು ಜನ ಇಲ್ಲಿಂದ ಬೆಳಗ್ಗೆಯ ರೈಲಿಗೆ ಹೋಗಿದ್ದೆವು. ಹನ್ನೊಂದನೇ ನಿಮಿಷಕ್ಕೇ ಅವರು ಗೋಲು ಹೊಡೆದರು. ಸ್ಟೇಡಿಯಂ ತಣ್ಣಗಾಯಿತು. ಕ್ಲಬ್ಬಿನ ಕಟ್ಟಾ ಅಭಿಮಾನಿಗಳಾದ ವೆಸ್ಟ್ ಬ್ಲಾಕ್‌ನವರು ಮಾತ್ರ ಹಾಡುವುದು ನಿಲ್ಲಿಸಲಿಲ್ಲ. ಹಾಫ್‌ಟೈಮಿಗೆ ಮುಂಚೆ ಒಂದು ಕಾರ್ನರ್ ಸಿಕ್ಕಿತು. ಶಿಲ್ಲಾಂಗ್ ಕಡೆಯ ಹುಡುಗ ಯೂಜಿನ್‌ಸನ್ ಲಿಂಗ್ಡೊ ಒದ್ದ ಚೆಂಡಿಗೆ ಛೆಟ್ರಿ ತಲೆ ಕೊಟ್ಟ. ಅವನೇನು ಎತ್ತರದ ಆಳಲ್ಲ, ಆದರೂ ಅಷ್ಟು ದೊಡ್ಡ ಡಿಫೆಂಡರ್‌ಗಳ ನಡುವೆ ಚೆಂಡು ಅವನನ್ನೇ ಹುಡುಕಿಕೊಂಡು ಬಂದ ಹಾಗಿತ್ತು. ಅದು ಇಬ್ಬರೂ ದಿನಾ ಬೆಳಗ್ಗೆ ಅಭ್ಯಾಸ ಮಾಡಿ ಮಾಡಿ ಬಂದದ್ದು, ಅದೃಷ್ಟದಿಂದ ಆದದ್ದಲ್ಲ. ಎರಡನೆಯದನ್ನು ಛೆಟ್ರಿ ದೂರದಿಂದ ಹೊಡೆದ, ಮೂರನೆಯದು ಜುವಾನನ್‌ದು. 3–1. ಭಾರತದ ಒಂದು ಕ್ಲಬ್ ಎಎಫ್‌ಸಿ ಕಪ್ ಫೈನಲ್ ತಲುಪಿದ್ದು ಅದೇ ಮೊದಲು. ದೋಹಾದಲ್ಲಿ ಇರಾಕಿನ ಕ್ಲಬ್ ಎದುರು 1–0ಯಲ್ಲಿ ಸೋತಾಗ ನಾನು ಅತ್ತಿದ್ದೆ. ಆದರೆ ಆ ಅಕ್ಟೋಬರ್ ರಾತ್ರಿ ರೈಲಿನಲ್ಲಿ ಶಿವಮೊಗ್ಗ ಬರುವವರೆಗೂ ನಮಗೆ ಯಾರಿಗೂ ನಿದ್ದೆ ಬಂದಿರಲಿಲ್ಲ.

ಛೆಟ್ರಿ ಹೆಸರು ನಮ್ಮಲ್ಲಿ ಎರಡು ಜೆರ್ಸಿ ಮೇಲಿದೆ. ಅಂಗಡಿಯವರು ತಪ್ಪಾಗಿದೆ ಅಂದುಕೊಂಡು ಫೋನ್ ಮಾಡಿ ಕೇಳಿದರು, ಅದೂ ಒಳ್ಳೆಯದೇ. ತಪ್ಪಲ್ಲ. ಎರಡನೆಯದು ಮಿಕು ಜೊತೆಗಿನ ಛೆಟ್ರಿ. ವೆನೆಜುವೆಲಾದ ಮಿಕು ಬಂದದ್ದು 2017ರಲ್ಲಿ, ಕ್ಲಬ್ ಐಎಸ್‌ಎಲ್‌ಗೆ (ಇಂಡಿಯನ್ ಸೂಪರ್ ಲೀಗ್) ಬಂದ ವರ್ಷ. ಆ ಸೀಸನ್ ಮಿಕು 15 ಗೋಲು, ಛೆಟ್ರಿ 14. ಇಬ್ಬರಲ್ಲಿ ಯಾರನ್ನು ಹಿಡಿದುಕೊಳ್ಳಬೇಕು ಅಂತ ಎದುರಾಳಿಗೆ ಗೊತ್ತೇ ಆಗುತ್ತಿರಲಿಲ್ಲ. ಮಿಕು ಬೆನ್ನು ಕೊಟ್ಟು ಚೆಂಡು ಹಿಡಿದರೆ ಡಿಫೆಂಡರ್‌ಗಳು ಅವನ ಮೇಲೆ ಬೀಳುತ್ತಿದ್ದರು, ಆಗ ಎಡಗಡೆಯಿಂದ ಛೆಟ್ರಿ ಒಳಗೆ ನುಗ್ಗುತ್ತಿದ್ದ. ಪುಣೆ ಎದುರಿನ ಸೆಮಿಫೈನಲ್‌ನಲ್ಲಿ ಛೆಟ್ರಿ ಹ್ಯಾಟ್ರಿಕ್. ಸೂಪರ್ ಕಪ್ ಸೆಮಿಫೈನಲ್‌ನಲ್ಲಿ ಹತ್ತೇ ಜನ ಉಳಿದಾಗ ಮೋಹನ್ ಬಾಗಾನ್ ಎದುರು ಮಿಕು ಹ್ಯಾಟ್ರಿಕ್. ಭುವನೇಶ್ವರದ ಫೈನಲ್‌ನಲ್ಲಿ ಈಸ್ಟ್ ಬೆಂಗಾಲ್ ಎದುರು 4–1, ಇಬ್ಬರದ್ದೂ ಗೋಲು. ನಡುವೆ ಐಎಸ್‌ಎಲ್ ಫೈನಲ್ ನಮ್ಮದೇ ಮೈದಾನದಲ್ಲಿ ಚೆನ್ನೈಯಿನ್‌ಗೆ 3–2ರಲ್ಲಿ ಹೋಯಿತು. ಅದರಲ್ಲೂ ಇಬ್ಬರೂ ಗೋಲು ಹೊಡೆದಿದ್ದರು. ನನ್ನ ಪ್ರಕಾರ ಕ್ಲಬ್ಬಿನ ಚರಿತ್ರೆಯಲ್ಲೇ ಇದಕ್ಕಿಂತ ದೊಡ್ಡ ಜೋಡಿ ಇನ್ನೊಂದಿಲ್ಲ. ಈ ಎರಡು ಜೆರ್ಸಿ ತೀರ್ಥಹಳ್ಳಿಯ ಅಣ್ಣ ತಮ್ಮಂದಿರಿಗೆ ಹೋಯಿತು. ಸಣ್ಣವರಿದ್ದಾಗಿನಿಂದ ಒಟ್ಟಿಗೆ ಆಡಿದವರು, ಅವರಿಗೇ ಸರಿ.

ಮಧ್ಯದ ಜೋಡಿ ಪಾರ್ತಾಲು–ಡಿಮಾಸ್. ಎರಿಕ್ ಪಾರ್ತಾಲು ಆಸ್ಟ್ರೇಲಿಯಾದವನು, ಒಳ್ಳೆ ಎತ್ತರ. ಡಿಮಾಸ್ ಡೆಲ್ಗಾಡೊ ಸ್ಪೇನಿನವನು, ಚೆಂಡು ಹೇಳಿದ ಮಾತು ಕೇಳುತ್ತಿತ್ತು. ಒಬ್ಬ ಕಿತ್ತುಕೊಟ್ಟರೆ ಇನ್ನೊಬ್ಬ ಹಂಚುತ್ತಿದ್ದ. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಗೋವಾ ಎದುರಿನ ಫೈನಲ್‌ನ 117ನೇ ನಿಮಿಷದಲ್ಲಿ ರಾಹುಲ್ ಭೆಕೆ ತಲೆಗೆ ಬಂದ ಕಾರ್ನರ್ ಇದೇ ಡಿಮಾಸ್‌ನದ್ದು. ಕ್ಲಬ್ಬಿಗೆ ಐಎಸ್‌ಎಲ್ ಕಪ್ ತಂದ ಗೋಲು ಅದು.

ಒಂಬತ್ತನೆಯದು ನಮ್ಮ ಗೋಲ್‌ಕೀಪರ್‌ಗೆ, ಕ್ಲಬ್ಬಿನ ಗೋಲ್‌ಕೀಪರ್ ‘ಗುರ್‌ಪ್ರೀತ್’ ಹೆಸರು. ಅಲ್ಲಿ ನಿಲ್ಲುವವನಿಗೆ ಜೋಡಿ ಇಲ್ಲ, ಹಾಗಾಗಿ ಅದೊಂದು ಒಂಟಿ.

ದೂರು ಮೂರಿವೆ. ಗುರುವಾರ ಕೊಡುತ್ತೇವೆ ಅಂದವರು ಕೊಟ್ಟಿದ್ದು ಶನಿವಾರ ಸಂಜೆ, ಭಾನುವಾರ ಬೆಳಗ್ಗೆ ಮ್ಯಾಚ್ ಇತ್ತು. ಕರೆಂಟ್ ಹೋಗಿತ್ತು ಅಂದರು, ಇರಬಹುದು, ಆದರೆ ಒಂದು ಫೋನ್ ಮಾಡಬೇಕಿತ್ತು. ಎರಡನೆಯದು, ಎಕ್ಸ್‌ಎಲ್ ಅಂದದ್ದು ನಿಜಕ್ಕೂ ಎಲ್ ಅಳತೆ. ಹೋಗುವಾಗ ನಿಮಗೆ ಸರಿಯಾಗುವ ಒಂದು ಟೀ ಶರ್ಟ್ ತೆಗೆದುಕೊಂಡು ಹೋಗಿ, ಅದರ ಮೇಲಿಟ್ಟು ನೋಡಿ. ಮೂರನೆಯದು, ಪ್ರೂಫ್‌ನಲ್ಲಿ ಸರಿಯಿದ್ದ ‘ಡಿಮಾಸ್’ ಜೆರ್ಸಿ ಮೇಲೆ ವಾಲಿಕೊಂಡು ಕೂತಿತ್ತು, ಎಡಕ್ಕಿಂತ ಬಲ ಒಂದು ಬೆರಳು ಕೆಳಗೆ. ತೋರಿಸಿದ ಕೂಡಲೇ ಒಪ್ಪಿಕೊಂಡರು. ಬೇರೆ ಜೆರ್ಸಿಗೆ ಹಾಕಿ ಕೊಟ್ಟರು, ದುಡ್ಡು ಕೇಳಲಿಲ್ಲ.

ತಾಳಿಕೆ ಹೇಗೆ ಅಂತ ಕೇಳುವವರಿಗೆ: ಜುಲೈನಲ್ಲಿ ತೀರ್ಥಹಳ್ಳಿ ಹತ್ತಿರ ಗದ್ದೆಯಲ್ಲಿ ಆಡಿದೆವು. ಕೆಸರು ಮೊಣಕಾಲಿಗೆ ಬರುತ್ತಿತ್ತು. ಮೊದಲ ಹತ್ತು ನಿಮಿಷಕ್ಕೆ ಯಾವ ಹೆಸರೂ ಓದಲು ಆಗುತ್ತಿರಲಿಲ್ಲ. ಮನೆಗೆ ಬಂದು ಒಳಗಿನದು ಹೊರಗೆ ಮಾಡಿ ತಣ್ಣೀರಿನಲ್ಲಿ ಒಗೆದರೆ ಅಕ್ಷರ ಒಂದೂ ಎದ್ದಿಲ್ಲ. ಇಲ್ಲಿಯವರೆಗೆ ಹನ್ನೆರಡು ಸಲ ಒಗೆದಾಗಿದೆ. ಒಂದೇ ಒಂದು ಹಾಳಾಗಿದೆ, ‘ಜಾನ್ಸನ್’. ಮಳೆಗಾಲದಲ್ಲಿ ಬಟ್ಟೆ ಒಣಗಲ್ಲ ಅಂತ ಅದನ್ನು ಹಾಕುವ ಗೆಳೆಯನ ಮನೆಯಲ್ಲಿ ಬಚ್ಚಲ ಒಲೆ ಮೇಲೆ ನೇತು ಹಾಕಿದ್ದರು, ಬಿಸಿಗೆ ಅಕ್ಷರ ಸುಕ್ಕುಗಟ್ಟಿ ಬಿರುಕು ಬಿಟ್ಟಿದೆ. ಅದು ಅಂಗಡಿಯವರ ತಪ್ಪಲ್ಲ. ಮಲೆನಾಡಿನವರು ನೆನಪಿಟ್ಟುಕೊಳ್ಳಿ, ಫ್ಯಾನ್ ಕೆಳಗೆ ಒಣಗಿಸಿ, ಒಲೆ ಹತ್ತಿರ ಬೇಡ. ಇಸ್ತ್ರಿಯನ್ನಂತೂ ಹೆಸರಿನ ಮೇಲೆ ಇಡಲೇಬೇಡಿ.

ಹತ್ತಕ್ಕಿಂತ ಕಮ್ಮಿ ಆದರೂ ಆರ್ಡರ್ ತೆಗೆದುಕೊಳ್ಳುತ್ತಾರೆ, ಅರ್ಧ ದುಡ್ಡು ಮುಂಗಡ. ಹೊಸ ‘ಜಾನ್ಸನ್’ ಜೊತೆಗೆ ಇನ್ನೊಂದು ಜೋಡಿಗೂ ನಿನ್ನೆ ಕೊಟ್ಟು ಬಂದಿದ್ದೇನೆ. ಮೊದಲ ಪಟ್ಟಿಯಲ್ಲಿ ಕ್ಲಬ್ಬಿನ ಬಲಗಡೆಯ ಆಟಗಾರ ಉದಾಂತ ಬಿಟ್ಟುಹೋಗಿದ್ದು ಮನಸ್ಸಿಗೆ ಕೊರೆಯುತ್ತಲೇ ಇತ್ತು. 2018ರ ಚೆನ್ನೈಯಿನ್ ಎದುರಿನ ಆ ಐಎಸ್‌ಎಲ್ ಫೈನಲ್‌ನ ಒಂಬತ್ತನೇ ನಿಮಿಷದಲ್ಲಿ ಬಲಗಡೆಯಿಂದ ಓಡಿ ಬಂದು ಅವನು ಕೊಟ್ಟ ಚೆಂಡಿಗೆ ಛೆಟ್ರಿ ನೆಲಕ್ಕೆ ಹಾರಿ ತಲೆ ಕೊಟ್ಟಿದ್ದ. ಹಾಗಾಗಿ ಮೂರನೇ ‘ಛೆಟ್ರಿ’ಯೂ ಬರುತ್ತಿದೆ. ಹುಡುಗ ಈ ಸಲ ಫೋನ್ ಮಾಡಿ ಕೇಳಲಿಲ್ಲ.